ಸೆಬುವಿನ ಬಿಳಿ ಅಂಗಿಯ ಹುಡುಗರು

ನನ್ನ ತಂಗಿ ಫಿಲಿಪೀನ್ಸಿನ ಸೆಬು ನಗರದಲ್ಲಿ ಮೆಡಿಕಲ್ ಓದುತ್ತಿದ್ದಾಳೆ. ಜನವರಿಯಲ್ಲಿ ರಜೆ ಹಾಕಿ ಅವಳನ್ನು ನೋಡಲು ಹೋದೆ. ಬೆಂಗಳೂರಿನಿಂದ ಸಿಂಗಪುರ, ಅಲ್ಲಿಂದ ಸೆಬು. ಅವಳಿಗೆ ಬೆಳಗ್ಗೆಯಿಂದ ಸಂಜೆವರೆಗೂ ಕ್ಲಾಸು, ಆಸ್ಪತ್ರೆ. ನನಗೆ ಹಗಲೆಲ್ಲ ಬಿಡುವು.

ಪಕ್ಕದ ಕಟ್ಟಡದ ಮೇಲಿನ ಮನೆಯಲ್ಲಿ ಇಬ್ಬರು ಹುಡುಗರಿದ್ದರು. ಬಿಳಿ ಅಂಗಿ, ಟೈ, ಎದೆ ಮೇಲೆ ಹೆಸರು ಬರೆದ ಕಪ್ಪು ಪಟ್ಟಿ. ಮಾರ್ಮನ್ ಮಿಷನರಿಗಳು. ಚರ್ಚಿನ ಪೂರ್ತಿ ಹೆಸರು 'ದಿ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್'. 2018ರಿಂದ ಆ ಹೆಸರಿನಲ್ಲೇ ಕರೆಯಿರಿ ಎಂದು ಅವರು ಕೇಳಿಕೊಳ್ಳುತ್ತಿದ್ದಾರೆ. ಇಬ್ಬರಲ್ಲಿ ಒಬ್ಬ ಅಮೆರಿಕದ ಐಡಾಹೊ ರಾಜ್ಯದವನು, ಆಲೂಗಡ್ಡೆ ಬೆಳೆಯುವ ರೈತರ ಮನೆ ಹುಡುಗ. ಇನ್ನೊಬ್ಬ ಇದೇ ದೇಶದ ದಕ್ಷಿಣದ ಮಿಂಡನಾವೊ ದ್ವೀಪದವನು, ಬುಟುವಾನ್ ಎಂಬ ಊರಿನಿಂದ ಬಂದವನು. ಹೆಸರು ಬರೆಯುವುದಿಲ್ಲ. ಅವರೂ ಒಬ್ಬರನ್ನೊಬ್ಬರು ಸ್ವಂತ ಹೆಸರಿನಿಂದ ಕರೆಯುವುದಿಲ್ಲ. ಎಲ್ಡರ್ ಅಂತ ಹೇಳಿ ಮನೆತನದ ಹೆಸರು ಸೇರಿಸುತ್ತಾರೆ, ಅಷ್ಟೇ.

ಧರ್ಮಪ್ರಚಾರ ಅಂದ್ರೆ ನಮ್ಮ ಕಡೆ ಅನುಮಾನ ಜಾಸ್ತಿ. ನನಗೂ ಇತ್ತು. ನಾನು ನಿಮ್ಮ ಚರ್ಚಿಗೆ ಸೇರುವವನಲ್ಲ, ಆದರೆ ನಿಮ್ಮ ದಿನ ಹೇಗಿರುತ್ತೆ ಅಂತ ನೋಡಬೇಕು ಅಂದೆ. 'ಬನ್ನಿ ಕುಯಾ' ಅಂದ ಬುಟುವಾನ್ ಹುಡುಗ. ಕುಯಾ ಅಂದರೆ ಅಲ್ಲಿ ಅಣ್ಣ.

ಸೋಮವಾರ

ವಾರಕ್ಕೆ ಒಂದು ದಿನ ಮಿಷನರಿಗಳಿಗೆ ಬಿಡುವು. ಪಿ-ಡೇ ಅಂತಾರೆ, ಪ್ರಿಪರೇಷನ್ ಡೇ. ಬಿಡುವು ಅಂದ್ರೆ ಬಟ್ಟೆ ಒಗೆಯುವುದು, ಸಂತೆಗೆ ಹೋಗುವುದು, ಮನೆ ಗುಡಿಸುವುದು, ತಲೆಗೂದಲು ಕತ್ತರಿಸಿಕೊಳ್ಳುವುದು. ನಾನು ಮಹಡಿ ಹತ್ತಿದಾಗ ಇಬ್ಬರೂ ಪ್ಲಾಸ್ಟಿಕ್ ಟಬ್ಬಿನ ಮುಂದೆ ಕುಕ್ಕರಗಾಲಲ್ಲಿ ಕೂತು ಅಂಗಿ ಕಾಲರ್ ಉಜ್ಜುತ್ತಿದ್ದರು. ಸೆಬುವಿನ ಬೆವರು, ಜೀಪ್ನಿ ಎಂಬ ಜೀಪಿನಂಥ ಬಸ್ಸಿನ ಹೊಗೆ, ಮೇಲೆ ಬಿಳಿ ಬಟ್ಟೆ. ಕಾಲರಿನ ಒಳಗೆ ಕಂದು ಗೆರೆ ಕೂತಿರುತ್ತೆ. ಬುಟುವಾನ್ ಹುಡುಗ ಬಾರ್ ಸೋಪು ಹಚ್ಚಿ, ಬಟ್ಟೆಯನ್ನು ಎರಡು ಮುಷ್ಟಿಯ ನಡುವೆ ಹಿಡಿದು ಚಕಚಕ ಉಜ್ಜುತ್ತಿದ್ದ. ಐಡಾಹೊ ಹುಡುಗ ಅವನನ್ನು ನೋಡಿ ಕಲಿತಿದ್ದನಂತೆ. ಊರಲ್ಲಿ ಅಮ್ಮನ ವಾಷಿಂಗ್ ಮಷೀನ್ ಇತ್ತಲ್ಲ.

ಅವನು ಅವತ್ತು ಬೆಳಗ್ಗೆಯೇ ಮನೆಗೆ ವಿಡಿಯೊ ಕಾಲ್ ಮಾಡಿದ್ದ. ಸೆಬುವಿನಲ್ಲಿ ಸೋಮವಾರ ಬೆಳಗ್ಗೆ ಎಂಟು ಗಂಟೆ ಆದಾಗ ಅವರ ಊರಲ್ಲಿ ಇನ್ನೂ ಭಾನುವಾರ ಸಂಜೆ ಐದು. ಎಲ್ಲರೂ ಮನೆಯಲ್ಲೇ ಸಿಗುತ್ತಾರೆ. ವಾರಕ್ಕೊಂದು ಸಲ ಹೀಗೆ ಮಾತಾಡಲು ಬಿಟ್ಟದ್ದು 2019ರಲ್ಲಿ. ಅದಕ್ಕೆ ಮುಂಚೆ ಕ್ರಿಸ್‌ಮಸ್‌ಗೆ ಒಂದು ಕಾಲ್, ತಾಯಂದಿರ ದಿನಕ್ಕೆ ಒಂದು. ಉಳಿದದ್ದೆಲ್ಲ ಕಾಗದ, ಇಮೇಲ್. ಅವನ ಅಜ್ಜ 1970ರ ದಶಕದಲ್ಲಿ ಇದೇ ದೇಶಕ್ಕೆ ಮಿಷನರಿಯಾಗಿ ಬಂದಿದ್ದರಂತೆ. ಇಲ್ಲಿ ಇವರ ಚರ್ಚಿನ ಕೆಲಸ ಸರಿಯಾಗಿ ಶುರುವಾದದ್ದು 1961ರಲ್ಲಿ, ಮನಿಲಾದಲ್ಲಿ. ಅಜ್ಜ ಬರೆದ ಕಾಗದ ಅಜ್ಜಿ ಕೈಗೆ ಸಿಗುವಷ್ಟರಲ್ಲಿ ಅದರೊಳಗಿನ ಸುದ್ದಿಯೆಲ್ಲ ಹಳೆಯದಾಗಿರುತ್ತಿತ್ತಂತೆ.

ಮಧ್ಯಾಹ್ನ ಬಾಸ್ಕೆಟ್‌ಬಾಲ್. ಈ ದೇಶದಲ್ಲಿ ಯಾವ ಗಲ್ಲಿಗೆ ಹೋದರೂ ಒಂದು ಬಾಸ್ಕೆಟ್‌ಬಾಲ್ ಕಂಬ ಕಾಣುತ್ತೆ. ನಮ್ಮಲ್ಲಿ ಕ್ರಿಕೆಟ್ ಹೇಗೋ ಅಲ್ಲಿ ಅದು. ಬುಟುವಾನ್ ಹುಡುಗ ಕುಳ್ಳ, ಆದರೆ ಚೆಂಡು ಅವನ ಕೈಗೆ ಸಿಕ್ಕರೆ ಬಿಡಿಸಿಕೊಳ್ಳುವುದು ಕಷ್ಟ. ಬ್ರಿಜ್ ದಾಟಿದರೆ ಮಕ್ತಾನ್ ದ್ವೀಪ, ಎಲ್ಲ ಕಡೆ ನೀಲಿ ಸಮುದ್ರ. ಆದರೆ ಮಿಷನರಿಗಳು ಈಜುವ ಹಾಗಿಲ್ಲ. ಎರಡು ವರ್ಷ ದ್ವೀಪದಲ್ಲಿದ್ದು ನೀರಿಗೆ ಇಳಿಯದೆ ಊರಿಗೆ ಹೋಗುತ್ತಾರೆ. ಸಂಜೆ ಆರಕ್ಕೆ ಬಿಡುವು ಮುಗಿಯಿತು. ಮತ್ತೆ ಬಿಳಿ ಅಂಗಿ, ಟೈ.

ಮಂಗಳವಾರ

ಬೆಳಗ್ಗೆ ಆರೂವರೆಗೆ ಏಳಬೇಕು. ಪ್ರಾರ್ಥನೆ, ಅರ್ಧ ಗಂಟೆ ಕಸರತ್ತು, ಸ್ನಾನ, ತಿಂಡಿ. ತಿಂಡಿ ಅಂದ್ರೆ ಬೇಕರಿಯಿಂದ ತಂದ ಬಿಸಿ ಪಾನ್ ದೆ ಸಾಲ್ ಬನ್ನು, ಬೇಯಿಸಿದ ಮೊಟ್ಟೆ. ಕಾಫಿ, ಟೀ ಇಲ್ಲ. ಅದು ಅವರ ಚರ್ಚಿನಲ್ಲಿ 1833ರಿಂದ ಬಂದ ಕಟ್ಟಳೆ. ಸಾರಾಯಿ, ತಂಬಾಕೂ ಇಲ್ಲ. ಆಮೇಲೆ ಒಬ್ಬೊಬ್ಬರೇ ಓದುವುದು, ನಂತರ ಇಬ್ಬರೂ ಕೂತು ಓದುವುದು, ಅದಾದ ಮೇಲೆ ಭಾಷೆ.

ಐಡಾಹೊ ಹುಡುಗನಿಗೆ ಫಿಲಿಪೀನ್ಸ್ ಬೇಕು ಅಂತ ಕೇಳುವ ಹಕ್ಕಿರಲಿಲ್ಲ. ಅರ್ಜಿ ಹಾಕುತ್ತಾರೆ, ಎಲ್ಲಿಗೆ ಅಂತ ಚರ್ಚಿನವರು ಹೇಳುತ್ತಾರೆ. ಸೆಬು ಅಂತ ಬಂತು. ಯೂಟಾ ರಾಜ್ಯದ ಪ್ರೊವೊ ಊರಿನ ತರಬೇತಿ ಕೇಂದ್ರದಲ್ಲಿ ಕೆಲವು ವಾರ ಸೆಬುವಾನೊ ಭಾಷೆ ಕಲಿಸಿ ವಿಮಾನ ಹತ್ತಿಸಿದರು. ಬಂದ ಹೊಸದರಲ್ಲಿ ಜನ ಮಾತಾಡಿದ್ದು ಒಂದಕ್ಷರ ತಿಳಿಯುತ್ತಿರಲಿಲ್ಲವಂತೆ. ರಾತ್ರಿ ದಿಂಬಿಗೆ ಮುಖ ಒತ್ತಿ ಅತ್ತದ್ದೂ ಉಂಟಂತೆ. ಈಗ ವರ್ಷ ಕಳೆದಿದೆ. ಅಂಗಿ ಜೇಬಿನಲ್ಲಿ ಪುಟ್ಟ ನೋಟ್‌ಬುಕ್ ಇಟ್ಟುಕೊಂಡಿದ್ದಾನೆ, ಕೇಳಿದ ಹೊಸ ಪದವೆಲ್ಲ ಅದರಲ್ಲಿ. ಒಂದು ಪುಟ ತೋರಿಸಿದ. ಮೀನುಗಳ ಹೆಸರು, ತಲೆನೋವು, ಬಾಡಿಗೆ, ಸಾಲ, ಬಾಣಂತಿ. ದೇವರ ವಿಷಯದ ಪದ ಆ ಪುಟದಲ್ಲಿ ಒಂದೂ ಇರಲಿಲ್ಲ. ಜನ ಬಾಗಿಲು ತೆರೆದು ಕೂರಿಸಿಕೊಂಡರೆ ಮೊದಲು ಹೇಳುವುದು ಇವನ್ನೇ ಅಲ್ವಾ.

ಬುಧವಾರ

ಜೀಪ್ನಿ ಹತ್ತಿ, ಇಳಿದು, ಗುಡ್ಡದ ಪಕ್ಕದ ಬಡಾವಣೆಗೆ ನಡೆದೆವು. ಅಲ್ಲಿ ರಸ್ತೆ ಇಲ್ಲ, ಸಿಮೆಂಟಿನ ಮೆಟ್ಟಿಲೇ ರಸ್ತೆ. ಅಕ್ಕಪಕ್ಕ ತಗಡಿನ ಮನೆಗಳು, ಹಂದಿ ಗೂಡು, ಸರಪಳಿಗೆ ಕಟ್ಟಿದ ಹುಂಜಗಳು. ಸಿನುಲಾಗ್ ಹಬ್ಬ ಆಗಷ್ಟೇ ಮುಗಿದಿತ್ತು. ಬಣ್ಣದ ತೋರಣ ಇನ್ನೂ ಬಿಚ್ಚಿರಲಿಲ್ಲ. ಅದು ಸಾಂಟೊ ನಿನ್ಯೊ ಎಂಬ ಬಾಲಯೇಸುವಿನ ಹಬ್ಬ. ಆ ವಿಗ್ರಹವನ್ನು 1521ರಲ್ಲಿ ನಾವಿಕ ಮೆಜೆಲ್ಲನ್ ಇಲ್ಲಿನ ರಾಣಿಗೆ ಕೊಟ್ಟದ್ದು. ಪ್ರತಿ ಮನೆಯ ಗೋಡೆ ಮೇಲೂ ಅದರ ಚಿತ್ರ. ಅಂಥ ಊರಿಗೆ ಬಂದು ಬೇರೆ ಚರ್ಚಿನ ಮಾತು ಹೇಳಬೇಕು.

ಬೇಲಿ ಹತ್ತಿರ ನಿಂತು 'ಆಯೊ!' ಅಂತ ಕೂಗುತ್ತಾರೆ. ಬಾಗಿಲು ಬಡಿಯುವ ರೂಢಿ ಇಲ್ಲ. ಒಳಗಿನಿಂದ ಯಾರಾದರೂ ಬಗ್ಗಿ ನೋಡುತ್ತಾರೆ. 'ಕಾತೊಲಿಕೊ ಮಿ' ಅನ್ನುತ್ತಾರೆ, ನಾವು ಕ್ಯಾಥೊಲಿಕ್ ಅಂತ. ಯಾರೂ ಒರಟಾಗಿ ಮಾತಾಡಲಿಲ್ಲ. ನಗುತ್ತಲೇ ಬೇಡ ಅಂದರು. ಇವರೂ ನಗುತ್ತಾ ಸಲಾಮತ್, ಅಂದರೆ ಧನ್ಯವಾದ, ಹೇಳಿ ಮುಂದಿನ ಮನೆಗೆ. ಮಕ್ಕಳು 'ಹೇ ಜೋ!' ಅಂತ ಐಡಾಹೊ ಹುಡುಗನ ಹಿಂದೆ ಓಡಿ ಬರುತ್ತಿದ್ದರು. ಬಿಳಿ ಚರ್ಮದವರನ್ನೆಲ್ಲ ಅಲ್ಲಿ ಹಾಗೆ ಕರೆಯುತ್ತಾರೆ. ಒಬ್ಬ ಹೆಂಗಸು ನನ್ನನ್ನು ಕಂಡದ್ದೇ ತಡ, ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಬುಟುವಾನ್ ಹುಡುಗ ಕಾರಣ ಹೇಳಿದ. ಮೋಟರ್ ಬೈಕಿನಲ್ಲಿ ಬಂದು ಬಡ್ಡಿ ಸಾಲ ಕೊಡುವ ಪಂಜಾಬಿಗಳು ಅಲ್ಲಿ ತುಂಬಾ ಜನ. ಐದು ಕೊಟ್ಟು ಆರು ವಸೂಲಿ ಮಾಡುವುದರಿಂದ ಆ ದಂಧೆಗೆ ಫೈವ್-ಸಿಕ್ಸ್ ಅಂತಲೇ ಹೆಸರು. ಭಾರತದವರು ಯಾರೇ ಆಗಲಿ, ಅಲ್ಲಿ ಬುಂಬಾಯ್. ಅವನು ಬೇಲಿಯಿಂದಲೇ ಕೂಗಿ, ಇವರು ವಸೂಲಿಗೆ ಬಂದವರಲ್ಲ, ಮೆಡಿಕಲ್ ವಿದ್ಯಾರ್ಥಿನಿಯ ಅಣ್ಣ ಅಂದ. ಬಾಗಿಲು ತೆರೆಯಿತು. ನಮಗೆ ಕೂರಲು ಬೆಂಚು ಕೊಟ್ಟು ಮಗನ ಕೆಮ್ಮಿನ ಬಗ್ಗೆ ಕೇಳಿದರು. ನಾನು ಡಾಕ್ಟರಲ್ಲ ಅಂದರೂ ಕೇಳಿದರು.

ಸಂಜೆ ನಾಲ್ಕಕ್ಕೆ ಒಂದು ಮನೆಯಲ್ಲಿ ಪಾಠ ಇತ್ತು. ನಾನು ಮರೆಯಲಾರದ ಮನೆ ಅದು. ಗಂಡ ಹಬಲ್-ಹಬಲ್ ಓಡಿಸುತ್ತಾನೆ, ಅಂದರೆ ಬೈಕ್ ಟ್ಯಾಕ್ಸಿ. ಹೆಂಡತಿ ಬಟ್ಟೆ ಒಗೆಯುವ ಕೆಲಸಕ್ಕೆ ಹೋಗುತ್ತಾರೆ. ಮೂರು ಮಕ್ಕಳು. ಅವರು ತಿಂಗಳುಗಟ್ಟಲೆ ಪಾಠ ಕೇಳಿದ್ದಾರೆ, ಕಾಫಿ ಬಿಟ್ಟಿದ್ದಾರೆ, ಪ್ರತಿ ಭಾನುವಾರ ಚರ್ಚಿಗೆ ಬರುತ್ತಾರೆ. ದೀಕ್ಷಾಸ್ನಾನ ಬೇಕು ಅಂತ ಅವರೇ ಕೇಳುತ್ತಿದ್ದಾರೆ. ಆದರೆ ಈ ಚರ್ಚಿನಲ್ಲಿ ಮದುವೆಯಾಗದೆ ಜೊತೆಗಿರುವವರಿಗೆ ದೀಕ್ಷಾಸ್ನಾನ ಕೊಡುವುದಿಲ್ಲ. ಮದುವೆ ಮಾಡಿಸಲು ಹುಡುಗರು ಓಡಾಡುತ್ತಾರೆ. ಜನನ ಪತ್ರ, ಮದುವೆ ಲೈಸೆನ್ಸು, ಮುನಿಸಿಪಲ್ ಆಫೀಸಿನ ಸೆಮಿನಾರು, ಎಲ್ಲಕ್ಕೂ ಜೊತೆಗೆ ಹೋಗುತ್ತಾರೆ. ಈ ಹೆಂಗಸಿಗೆ ಅದೂ ಆಗುವುದಿಲ್ಲ. ಚಿಕ್ಕ ವಯಸ್ಸಿನಲ್ಲಿ ಬೇರೊಬ್ಬನ ಜೊತೆ ಮದುವೆಯಾಗಿತ್ತು. ಹೊಡೆಯುತ್ತಿದ್ದ, ಬಿಟ್ಟು ಹೋದ. ಫಿಲಿಪೀನ್ಸಿನಲ್ಲಿ ಮುಸ್ಲಿಮರನ್ನು ಬಿಟ್ಟರೆ ಬೇರೆಯವರಿಗೆ ವಿಚ್ಛೇದನದ ಕಾನೂನೇ ಇಲ್ಲ. ಮದುವೆಯೇ ಅಸಿಂಧು ಅಂತ ಕೋರ್ಟಿನಿಂದ ಬರೆಸಿಕೊಳ್ಳಬಹುದು. ಅದಕ್ಕೆ ಆಗುವ ದುಡ್ಡು, ವರ್ಷ, ಎರಡೂ ಬಟ್ಟೆ ಒಗೆಯುವವರ ಕೈಗೆ ಎಟಕುವಂಥದ್ದಲ್ಲ.

ಅವರು ಆ ಪ್ರಶ್ನೆಯನ್ನು ಐಡಾಹೊ ಹುಡುಗನಿಗೆ ಕೇಳಿದರು. ಯಾವಾಗ ಎಲ್ಡರ್, ಅಂತ. ಅವನಿಗೆ ಹತ್ತೊಂಬತ್ತು. ಅವನ ಕಿವಿ ಕೆಂಪಾಯಿತು. ಉತ್ತರ ಅವನಿಗೆ ಗೊತ್ತಿತ್ತು, ಹೇಳಲು ಮಾತು ಬರಲಿಲ್ಲ. ಬುಟುವಾನ್ ಹುಡುಗ ಬೆಂಚಿನಿಂದ ಇಳಿದು ನೆಲದಲ್ಲಿ ಅವರ ಎದುರಿಗೆ ಕೂತ. ಸಣ್ಣ ದನಿಯಲ್ಲಿ ಸೆಬುವಾನೊದಲ್ಲೇ ಮಾತಾಡಿದ. ಇದು ನಮ್ಮ ಕೈಯಲ್ಲಿಲ್ಲ, ನಮ್ಮ ಮೇಲಿನವರಾದ ಮಿಷನ್ ಪ್ರೆಸಿಡೆಂಟ್‌ಗೆ ಎಲ್ಲ ವಿವರ ಬರೆದು ಕೇಳುತ್ತೇವೆ, ಏನೇ ಉತ್ತರ ಬಂದರೂ ನಾವು ಬರುವುದು ನಿಲ್ಲಿಸುವುದಿಲ್ಲ ಅಂದನಂತೆ. ಅವರು ತಲೆ ಆಡಿಸಿದರು. ಒಳಗೆ ಹೋಗಿ ಪೂಸೊ ತಂದುಕೊಟ್ಟರು. ತೆಂಗಿನ ಗರಿಯಲ್ಲಿ ಅಂಗೈಯಗಲ ಪೊಟ್ಟಣ ಹೆಣೆದು, ಅದರೊಳಗೆ ಅಕ್ಕಿ ತುಂಬಿ ಬೇಯಿಸಿದ ಅನ್ನ. ಚಾಕುವಿನಿಂದ ಎರಡು ಸೀಳು ಮಾಡಿ, ಒಣಮೀನಿನ ಜೊತೆ ಕೊಟ್ಟರು. ನನಗೆ ಮೀನಿನ ಬದಲು ಉಪ್ಪು, ವಿನಿಗರ್, ಮೆಣಸಿನಕಾಯಿ. ನನಗೆ ಆ ಕಟ್ಟಳೆಯ ಮೇಲೆ ಸಿಟ್ಟು ಬಂತು. ಈಗಲೂ ಇದೆ. ಆ ಮೂರು ಮಕ್ಕಳ ತಂದೆತಾಯಿ ಗಂಡಹೆಂಡತಿ ಅಲ್ಲ ಅಂತ ಯಾವ ಕಾಗದ ಹೇಳಿದರೇನು? ಇದನ್ನು ಮೆಟ್ಟಿಲಿಳಿಯುವಾಗ ಹುಡುಗರಿಗೂ ಹೇಳಿದೆ. ವಾದ ಮಾಡಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಐಡಾಹೊ ಹುಡುಗ, 'ಅದಕ್ಕೇ ವಾರಕ್ಕೆರಡು ಸಲ ಆ ಮನೆಗೆ ಹೋಗ್ತೀವಿ' ಅಂದ.

ಗುರುವಾರ

ಬಿಳಿ ಅಂಗಿ ಇಲ್ಲ. ಜೀನ್ಸು, ಹಳೆ ಟೀ ಶರ್ಟು. ಚರ್ಚಿಗೆ ಬರುವ ಒಬ್ಬ ಅಜ್ಜನ ಮನೆಗೆ ಮಾಡು ಹೊದಿಸುವ ಕೆಲಸ. 2021ರ ಡಿಸೆಂಬರಿನಲ್ಲಿ ಒಡೆಟ್ ಚಂಡಮಾರುತ ಬಂದಾಗ ಹಾರಿಹೋದ ಮಾಡು. ಆಮೇಲೆ ಟಾರ್ಪಾಲಿನಲ್ಲೇ ಕಾಲ ಕಳೆದಿದ್ದರು. ಅವತ್ತು ಐಡಾಹೊ ಹುಡುಗನನ್ನು ನೋಡಬೇಕಿತ್ತು. ಊರಲ್ಲಿ ಬೆಳಗಿನ ಜಾವ ಎದ್ದು ಹೊಲದಲ್ಲಿ ನೀರಾವರಿ ಪೈಪು ಜರುಗಿಸಿ ಬೆಳೆದವನು. ಮರದ ತೊಲೆ ಮೇಲೆ ಬೆಕ್ಕಿನಂತೆ ನಡೆದ. ಬಾಯಲ್ಲಿ ಮೊಳೆ, ಕೈಯಲ್ಲಿ ಸುತ್ತಿಗೆ. ಭಾಷೆ ತಡವರಿಸುವ ಹುಡುಗ ಇವನೇನಾ ಅನ್ನಿಸಿತು. ಅಜ್ಜ ಕೆಳಗಿನಿಂದ ಏನೋ ಕೂಗಿದರು, ಇವನು ಮೇಲಿನಿಂದ ಏನೋ ಕೂಗಿದ, ನೆರೆಹೊರೆಯವರೆಲ್ಲ ನಕ್ಕರು. ಅವತ್ತು ಯಾರೂ ಅವನನ್ನು ಹೇ ಜೋ ಅನ್ನಲಿಲ್ಲ.

ಶುಕ್ರವಾರ

ಮಳೆ. ಮಧ್ಯಾಹ್ನ ತಂಗಿಗೆ ಬಿಡುವಿತ್ತು. 'ಅಣ್ಣ, ಅವರನ್ನು ಊಟಕ್ಕೆ ಕರಿ' ಅಂದಳು. ಇಷ್ಟು ತಿಂಗಳು ಗೇಟಿನಲ್ಲೇ ನಮಸ್ಕಾರ ಹೇಳಿ ಹೋಗುತ್ತಿದ್ದರಂತೆ. ಹೆಣ್ಣುಮಕ್ಕಳು ಮಾತ್ರ ಇರುವ ಮನೆಗೆ ಅವರು ಕಾಲಿಡುವುದಿಲ್ಲ, ಅದು ನಿಯಮ. ನಾನಿದ್ದೆನಲ್ಲ, ಬಂದರು. ಕಲಮಾನ್ಸಿ ಅನ್ನುವ ಗೋಲಿ ಗಾತ್ರದ ನಿಂಬೆ ಅಲ್ಲಿ ಸಿಗುತ್ತೆ. ಅದನ್ನು ಹಿಂಡಿ ಚಿತ್ರಾನ್ನ ಮಾಡಿದ್ದೆವು. ಸಾಸಿವೆ, ಕಡಲೆಬೇಳೆ, ಶೇಂಗಾ ಎಲ್ಲ ನಾನು ಊರಿಂದ ಹೊತ್ತುಕೊಂಡು ಹೋದದ್ದು. ಜೊತೆಗೆ ಹೆಸರುಕಾಳಿನ ಸಾರು. ಅದನ್ನು ನೋಡಿ ಬುಟುವಾನ್ ಹುಡುಗನಿಗೆ ಖುಷಿಯೋ ಖುಷಿ. ಅವರಲ್ಲೂ ಶುಕ್ರವಾರ ಹೆಸರುಕಾಳೇ ಮಾಡುತ್ತಾರೆ, ಮೊಂಗ್ಗೊಸ್ ಅಂತ. ಫಿಲ್ಟರ್ ಕಾಫಿ ಇಳಿಸಿದ್ದಳು ತಂಗಿ. ಅದು ನಮಗಿಬ್ಬರಿಗೇ ಆಯಿತು.

ಊಟ ಆದ ಮೇಲೆ ಬುಟುವಾನ್ ಹುಡುಗ ತನ್ನ ಕಥೆ ಹೇಳಿದ. ಇಲ್ಲಿಗೆ ಬರುವ ಮುಂಚೆ ಒಂದು ಮಾಲ್‌ನಲ್ಲಿ ಕೆಲಸ ಮಾಡುತ್ತಿದ್ದ. ಅಪ್ಪ ಇಲ್ಲ. ಸಂಬಳದಲ್ಲಿ ಅರ್ಧ ಅಮ್ಮನಿಗೆ, ತಂಗಿಯ ಶಾಲೆಗೆ. ಎರಡು ವರ್ಷ ಅದೆಲ್ಲ ನಿಲ್ಲಿಸಿ ಬಂದಿದ್ದಾನೆ. ಮಿಷನರಿಗೆ ಸಂಬಳ ಇಲ್ಲ. ಅಮೆರಿಕದ ಮನೆಗಳು ತಮ್ಮ ಹುಡುಗನಿಗಾಗಿ ತಿಂಗಳಿಗೆ 500 ಡಾಲರ್ ಚರ್ಚಿಗೆ ಕಟ್ಟುತ್ತವೆ. 2020ರ ಜುಲೈವರೆಗೆ ಅದು 400 ಇತ್ತು. ಅಷ್ಟು ಕೊಡಲಾಗದ ದೇಶದವರಿಗೆ ಕಡಿಮೆ. ಇಲ್ಲಿಗೆ ಬಂದ ಮೇಲೆ ಊಟ, ಓಡಾಟಕ್ಕೆ ಇಬ್ಬರಿಗೂ ಒಂದೇ ಲೆಕ್ಕದ ದುಡ್ಡು. ಯಾರಪ್ಪ ಎಷ್ಟು ಎಕರೆ ಆಲೂಗಡ್ಡೆ ಬೆಳೀತಾನೆ ಅನ್ನೋದು ಅಲ್ಲಿ ಲೆಕ್ಕಕ್ಕಿಲ್ಲ. ಆದರೂ ಒಬ್ಬ ಬಿಟ್ಟು ಬಂದದ್ದು ಕಾಲೇಜು, ಇನ್ನೊಬ್ಬ ಬಿಟ್ಟು ಬಂದದ್ದು ಮನೆಯ ಅನ್ನ. ಮಾರ್ಮನ್ ಮಿಷನರಿ ಅಂದಕೂಡಲೇ ನಮ್ಮ ಕಣ್ಣಿಗೆ ಬರುವುದು ಬಿಳಿ ಹುಡುಗ. ಜಾಸ್ತಿ ಭಾರ ಹೊತ್ತಿರುವವನು ಅವನ ಪಕ್ಕದಲ್ಲಿರುತ್ತಾನೆ.

ನಿನಗೆ ಚಿಂತೆ ಆಗಲ್ವಾ ಅಂದೆ. ಆಗುತ್ತೆ ಕುಯಾ, ಅಂದ. ವಾಪಸ್ ಹೋದ ಮೇಲೆ ಚರ್ಚಿನ ಶಿಕ್ಷಣ ನಿಧಿಯಿಂದ ಸಾಲ ಪಡೆದು ಎಲೆಕ್ಟ್ರಿಷಿಯನ್ ಕೋರ್ಸ್ ಮಾಡಬೇಕು ಅಂತ ಆಸೆ ಅವನಿಗೆ. ಬಡ ದೇಶಗಳ ಹುಡುಗರಿಗೆಂದೇ 2001ರಲ್ಲಿ ಶುರುವಾದ ನಿಧಿ ಅದು. ತಂಗಿ ತಟ್ಟೆಗೆ ಇನ್ನೊಂದು ಸೌಟು ಚಿತ್ರಾನ್ನ ಹಾಕಿದಳು. ಬೇಡ ಅನ್ನಲಿಲ್ಲ ಅವನು.

ಶನಿವಾರ

ಚಾಪೆಲ್‌ನಲ್ಲಿ ದೀಕ್ಷಾಸ್ನಾನ. ರಸ್ತೆ ಬದಿ ಪೂಸೊ ಮಾರುವ ಒಬ್ಬ ಅಜ್ಜಿಯದು. ವಿಧವೆ, ಅಡ್ಡಿ ಏನಿರಲಿಲ್ಲ. ಆದರೆ ಅವರಿಗೆ ನೀರೆಂದರೆ ಹೆದರಿಕೆ. ಐಡಾಹೊ ಹುಡುಗ ಮೊದಲು ಒಣ ನೆಲದ ಮೇಲೆ ಅಭ್ಯಾಸ ಮಾಡಿಸಿದ. ಅವನ ಎಡಗೈಯ ಮಣಿಕಟ್ಟನ್ನು ಅಜ್ಜಿ ಹಿಡಿಯಬೇಕು, ಇನ್ನೊಂದು ಕೈಯಿಂದ ಮೂಗು ಮುಚ್ಚಬೇಕು, ಮೊಣಕಾಲು ಮಡಚಬೇಕು. ನಾನು ಹಿಡಿದಿರ್ತೀನಿ ಅಂತ ಹೇಳಿಕೊಟ್ಟ. ಆಮೇಲೆ ಇಬ್ಬರೂ ಬಿಳಿ ಬಟ್ಟೆ ತೊಟ್ಟು ತೊಟ್ಟಿಗೆ ಇಳಿದರು. ಸೊಂಟದವರೆಗೆ ನೀರು. ಪ್ರಾರ್ಥನೆಯ ಮಾತು ಒಂದೂ ತಪ್ಪುವಂತಿಲ್ಲ, ತಪ್ಪಿದರೆ ಮತ್ತೆ ಹೇಳಬೇಕು. ಮುಳುಗಿಸಿದ. ಅಜ್ಜಿಯ ಕೂದಲು ಸ್ವಲ್ಪ ಮೇಲೆ ತೇಲಿತು. ಪಕ್ಕದಲ್ಲಿ ನಿಂತ ಇಬ್ಬರು ಸಾಕ್ಷಿಗಳು ತಲೆ ಅಲ್ಲಾಡಿಸಿದರು. ಪೂರ್ತಿ ಮುಳುಗಬೇಕು. ಎಲ್ಲರೂ ಅಯ್ಯೋ ಅಂದುಕೊಳ್ಳುವಷ್ಟರಲ್ಲಿ ಅಜ್ಜಿಯೇ 'ಇನ್ನೊಂದು ಸಲ' ಅಂತ ಮೂಗು ಮುಚ್ಚಿಕೊಂಡರು. ಎರಡನೇ ಸಲ ಹೆದರಲಿಲ್ಲ.

ವಾಪಸ್ ಬರುವಾಗ ಲಾಹುಗ್‌ನಲ್ಲಿ ಅವರ ಟೆಂಪಲ್ ನೋಡಿದೆವು. 2010ರಲ್ಲಿ ತೆರೆದದ್ದು. ಶಿಖರದ ಮೇಲೆ ಕಹಳೆ ಊದುವ ಬಂಗಾರ ಬಣ್ಣದ ದೇವದೂತ. ಭಾನುವಾರದ ಚಾಪೆಲ್‌ಗೆ ಯಾರು ಬೇಕಾದರೂ ಹೋಗಬಹುದು, ಟೆಂಪಲ್ ಒಳಗೆ ಮಾತ್ರ ಚರ್ಚಿನ ಅನುಮತಿ ಇರುವ ಸದಸ್ಯರಿಗಷ್ಟೇ ಪ್ರವೇಶ. ನಾನು ಹೂತೋಟದಲ್ಲಿ ಅಡ್ಡಾಡಿದೆ. ಬೆಂಗಳೂರಿಗೂ ಒಂದು ಟೆಂಪಲ್ ಅಂತ 2018ರಲ್ಲಿ ಘೋಷಣೆಯಾಗಿ, 2020ರ ಡಿಸೆಂಬರಿನಲ್ಲಿ ಭೂಮಿಪೂಜೆ ಥರದ ಕಾರ್ಯಕ್ರಮ ನಡೆದದ್ದನ್ನು ಅವರೇ ನನಗೆ ಹೇಳಿದರು. ಬೆಂಗಳೂರಿನವನಾದ ನನಗೆ ಅದು ಗೊತ್ತಿರಲಿಲ್ಲ.

ಭಾನುವಾರ

ಚರ್ಚು ಎರಡು ಗಂಟೆ. ಸಂಬಳದ ಪಾದ್ರಿ ಇಲ್ಲ. ಬಿಷಪ್ ಅಂದವರು ವಾರವೆಲ್ಲ ಸ್ಪೇರ್ ಪಾರ್ಟ್ಸ್ ಅಂಗಡಿ ನಡೆಸುವವರು. ಬ್ರೆಡ್ಡಿನ ತುಂಡು, ಪುಟ್ಟ ಲೋಟದಲ್ಲಿ ನೀರು ಹಂಚಿದರು. ಹಂಚಿದವರು ಹೈಸ್ಕೂಲಿನ ಹುಡುಗರು. ಬುಧವಾರದ ಆ ಹೆಂಗಸೂ ಮಕ್ಕಳ ಜೊತೆ ಬಂದಿದ್ದರು. ಮೊದಲ ಸಾಲಿನಲ್ಲೇ ಕೂತಿದ್ದರು.

ಸಂಜೆ ಫೋನು ಬಂತು. ಆರು ವಾರಕ್ಕೊಮ್ಮೆ ಇವರಿಗೆ ವರ್ಗಾವಣೆ ಬರುತ್ತೆ. ಯಾರು ಎಲ್ಲಿಗೆ, ಯಾರ ಜೊತೆ ಅಂತ ಮಿಷನ್ ಪ್ರೆಸಿಡೆಂಟ್ ನಿರ್ಧರಿಸುತ್ತಾರೆ. ಅಲ್ಲಿವರೆಗೆ ಒಬ್ಬರನ್ನೊಬ್ಬರು ಕಣ್ಣಳತೆಯಿಂದ ಬಿಡುವಂತಿಲ್ಲ, ಬಚ್ಚಲುಮನೆ ಒಂದನ್ನು ಬಿಟ್ಟು. ಇಷ್ಟವಾಗಲಿ ಬಿಡಲಿ, ಅದೇ ಜೊತೆ. ಈ ಇಬ್ಬರಿಗೆ ಇಷ್ಟವಾಗಿತ್ತು. ಬುಟುವಾನ್ ಹುಡುಗನಿಗೆ ಬೇರೆ ಊರು ಬಂತು. ಐಡಾಹೊ ಹುಡುಗ ಇಲ್ಲೇ. ಅವನ ಜೊತೆಗೆ ಬರುವವನು ಅಮೆರಿಕದಿಂದ ಆಗಷ್ಟೇ ಇಳಿಯುವ ಹೊಸಬ. ಅವನಿಗೆ ಭಾಷೆ, ಬೀದಿ, ಬಟ್ಟೆ ಒಗೆಯುವುದು ಎಲ್ಲ ಇವನೇ ಕಲಿಸಬೇಕು.

ಬುಟುವಾನ್ ಹುಡುಗ ಸೂಟ್‌ಕೇಸು ತುಂಬುತ್ತಾ ಒಂದೊಂದೇ ಹೇಳುತ್ತಿದ್ದ, ಇವನು ಜೇಬಿನ ನೋಟ್‌ಬುಕ್ ತೆಗೆದು ಬರೆದುಕೊಳ್ಳುತ್ತಿದ್ದ. ಮೂರನೇ ಮೆಟ್ಟಿಲ ಸಾಲಿನ ನಾಯಿ ಕಚ್ಚುತ್ತೆ. ಮಾಡಿನ ಅಜ್ಜನಿಗೆ ಓದಲು ಬರಲ್ಲ, ಓದಿ ಹೇಳು. ಹಬಲ್-ಹಬಲ್ ಗಂಡ ನಾಲ್ಕರ ನಂತರವೇ ಮನೆಗೆ ಬರೋದು, ಅವನಿಲ್ಲದಾಗ ಹೋಗಬೇಡ. ಪ್ರೆಸಿಡೆಂಟ್‌ಗೆ ಕಾಗದ ನಾನು ಬರೆದಿದ್ದೀನಿ, ಉತ್ತರ ಬಂದರೆ ಅವರಿಗೆ ನೀನು ಹೇಳಬೇಕು.

'ಸೆಬುವಾನೊದಲ್ಲಾ?' ಅಂದ ಐಡಾಹೊ ಹುಡುಗ.

'ಮತ್ತೆ ಇನ್ಯಾವುದರಲ್ಲಿ? ಮಂಗಳವಾರ, ನಾಲ್ಕಕ್ಕೆ.'

ಇಬ್ಬರೂ ಆ ಮಾತುಗಳನ್ನು ಅಭ್ಯಾಸ ಮಾಡಲು ಕೂತರು. ಹತ್ತೂವರೆಗೆ ದೀಪ ಆರಿಸಬೇಕು, ಅಷ್ಟರೊಳಗೆ ಮುಗಿಸಬೇಕಿತ್ತು.